ಚರ್ಚ್ ಸಭೆಯ ಪತ್ರಿಕೆಗೆ ಬರೀತಾ ಇದ್ದೀನಿ, ಇಲ್ಲಿಂದ ಮುಂದಕ್ಕೆ ಹೋಗೋದು ಹೆಂಗೆ? ಕ್ರೈಸ್ತ ಬರಹಗಾರರು ಯಾರಾದ್ರೂ ಇದ್ರೆ ಹೇಳಿ

ರೇಷ್ಮೆಗೂಡು (ಶಿಡ್ಲಘಟ್ಟ)

ಎಲ್ರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯವಳು, ಚಿಕ್ಕಬಳ್ಳಾಪುರದಲ್ಲಿ ಒಂದು ಪ್ರೈವೇಟ್ ಸ್ಕೂಲಲ್ಲಿ ಕನ್ನಡ ಟೀಚರ್. ನಮ್ಮ ಸಭೆಯಲ್ಲಿ ಬರೆಯೋ ಕೆಲಸ ಏನೇ ಇದ್ರೂ ಅದು ನನ್ನ ತಲೆಗೇ ಬರುತ್ತೆ, ಕ್ರಿಸ್ಮಸ್ ನಾಟಕ, ಸಂಡೇಸ್ಕೂಲ್ ಮಕ್ಕಳ ಸ್ಕಿಟ್ಟು, ಸ್ತ್ರೀಯರ ಸಂಘದ ವರದಿ, ಯಾರಾದ್ರೂ ತೀರ್ಕೊಂಡ್ರೆ ಮಣ್ಣು ಮಾಡೋ ದಿನ ಓದೋ ಜೀವನ ಚರಿತ್ರೆ ಇರುತ್ತಲ್ಲ ಅದೂ ಸೇರಿ. ಅಯ್ಯನವರು (ನಮ್ಮ ಪಾದ್ರಿ) ಇದು ದೇವರು ಕೊಟ್ಟ ವರ ಕಣಮ್ಮ ಅಂತಾರೆ, ಆರಾಧನೆ ಮುಗಿದ್ಮೇಲೆ ಆಂಟಿಗಳೆಲ್ಲ ಕೈ ಹಿಡ್ಕೊಂಡು ಚೆನ್ನಾಗಿತ್ತು ಅಂತಾರೆ. ಚೆನ್ನಾಗಿತ್ತು ಅನ್ನೋದು ಬಿಟ್ಟು ಇನ್ನೇನೂ ಯಾರೂ ಹೇಳಲ್ಲ, ಅದೇ ನನ್ನ ತೊಂದ್ರೆ.

ವಾರಪತ್ರಿಕೆಗಳಿಗೆ ಕಥೆ ಕಳಿಸಿದ್ದೀನಿ, ಹೌದು ಅಂತಾನೂ ಇಲ್ಲ ಇಲ್ಲ ಅಂತಾನೂ ಇಲ್ಲ. ನಮ್ಮ ಮನೆ ಮಾತು ತೆಲುಗು, ಸ್ಕೂಲಲ್ಲಿ ಪಾಠಪುಸ್ತಕದ ಕನ್ನಡ, ದೇವಾಲಯದಲ್ಲಿ (ಚರ್ಚಲ್ಲಿ) ಸತ್ಯವೇದದ, ಅಂದ್ರೆ ಬೈಬಲಿನ ಕನ್ನಡ, ಬರೆಯೋಕೆ ಕೂತ್ರೆ ಮೂರೂ ಕಲಸಿಕೊಂಡು ಯಾವುದೂ ನಂದಲ್ಲ ಅನ್ಸುತ್ತೆ. ನಮ್ಮ ಜನರ ಕಥೆ ಬರೆದ್ರೆ ಹೊರಗಿನ ಪತ್ರಿಕೆಯವರು ಹಾಕ್ತಾರಾ, ಇಲ್ಲ ಇದು ಪ್ರಚಾರ ಅಂತ ಪಕ್ಕಕ್ಕಿಡ್ತಾರಾ? ಇದ್ರಲ್ಲಿ ನಾಲ್ಕು ಕಾಸು ದುಡಿಯೋ ದಾರಿ ಏನಾದ್ರೂ ಇದ್ಯಾ? ಟೀಚರ್ ಸಂಬಳ ನಿಮಗೆಲ್ಲ ಗೊತ್ತಲ್ಲ.

ಈಗ ಬರೀತಿರೋ ಕಥೆಯ ಒಂದು ಪ್ಯಾರಾ ಹಾಕ್ತಿದ್ದೀನಿ. ಬೈದ್ರೂ ಪರವಾಗಿಲ್ಲ, ಚೆನ್ನಾಗಿದೆ ಅಂತ ಮಾತ್ರ ಹೇಳ್ಬೇಡಿ.

"ಶಾಂತಮ್ಮನವರು ತಮ್ಮ ಜೀವನದಲ್ಲಿ ಅನೇಕ ಕಷ್ಟ ಸಂಕಟಗಳನ್ನು ಅನುಭವಿಸಿದರೂ ವಿಶ್ವಾಸದಲ್ಲಿ ಬಲವಾಗಿ ನಿಂತಿದ್ದರು. ಕ್ರಿಸ್ಮಸ್ ಹಬ್ಬದ ಆ ರಾತ್ರಿ ಹುಳುಗಳ ಕೆಲಸದಿಂದಾಗಿ ಆರಾಧನೆಗೆ ಹೋಗಲು ಸಾಧ್ಯವಾಗದಿದ್ದಾಗ ಅವರ ಹೃದಯವು ದುಃಖದಿಂದ ತುಂಬಿತು. ಆದರೂ ಕರ್ತನು ತನ್ನನ್ನು ಕೈಬಿಡುವುದಿಲ್ಲವೆಂಬ ಭರವಸೆಯಿಂದ ಮಂಡಿಯೂರಿ ಪ್ರಾರ್ಥಿಸಿದರು. ದೇವರ ಸಮಾಧಾನವು ಅವರ ಮನೆಯನ್ನು ತುಂಬಿತು."

ಗುಬ್ಬಿ ಮೇಷ್ಟ್ರು

ಟೀಚರಮ್ಮ, ಬೈಯೋಕೆ ಪರ್ಮಿಶನ್ ಕೊಟ್ಟಿದ್ದೀರಿ, ಹಂಗಾಗಿ ನೇರವಾಗಿ ಹೇಳ್ತೀನಿ. ಇದು ಕಥೆಯ ಪ್ಯಾರಾ ಅಲ್ಲ, ಮಣ್ಣು ಮಾಡೋ ದಿನ ಓದೋ ಜೀವನ ಚರಿತ್ರೆಯ ಪ್ಯಾರಾ. ಅಲ್ಲಿ ಅದು ಸರಿ, ಯಾಕಂದ್ರೆ ಸತ್ತೋರ ಮನೆಯವರು ಮುಂದೆ ಕೂತಿರ್ತಾರೆ, ಅವರಿಗೆ ಕಷ್ಟ ಏನಾಗಿತ್ತು ಅಂತ ನೀವು ಹೇಳ್ಬೇಕಾಗಿಲ್ಲ. ಕಥೆ ಓದೋನು ತಿಪಟೂರಲ್ಲೋ ಬೀದರಲ್ಲೋ ಕೂತಿರ್ತಾನೆ, ಅವನಿಗೆ ಅನೇಕ ಕಷ್ಟ ಸಂಕಟ ಅಂದ್ರೆ ಏನೂ ಕಾಣಲ್ಲ.

ನೀವು ಶಿಡ್ಲಘಟ್ಟದವರು, ಇಡೀ ಪ್ಯಾರಾದಲ್ಲಿ ರೇಷ್ಮೆ ಹುಳ ಒಂದೇ ಒಂದು ಕಡೆ ಬಂದಿದೆ, ಅದೂ "ಹುಳುಗಳ ಕೆಲಸದಿಂದಾಗಿ" ಅಂತ! ನಮ್ಮ ಅತ್ತೆ ಮನೆ ಚಿಂತಾಮಣಿ ಹತ್ರ, ಹುಳ ಸಾಕ್ತಾರೆ, ಆ ಸಮಯದಲ್ಲಿ ಆ ಮನೆಗೆ ಹೋದ್ರೆ ನಮ್ಮನ್ನ ಕೂತ್ಕೊಳ್ಳಿ ಅನ್ನೋಕೂ ಯಾರಿಗೂ ಪುರುಸೊತ್ತಿರಲ್ಲ. ನಾಲ್ಕು ಜ್ವರ (ಹುಳ ಪೊರೆ ಬಿಡೋದಕ್ಕೆ ಹಂಗಂತಾರೆ) ಆಗಿ ಎದ್ದ ಹುಳ, ಅದು ತಿನ್ನೋ ಒಟ್ಟು ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ಕೊನೇ ವಾರದಲ್ಲೇ ತಿನ್ನುತ್ತೆ. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳ್ಲಿಲ್ಲ ಅಂದ್ರೆ ಗೂಡು ತೆಳ್ಳಗಾಗುತ್ತೆ, ಮಾರ್ಕೆಟ್ಟಲ್ಲಿ ರೇಟು ಬಿದ್ದೋಗುತ್ತೆ, ಸಾಲ ಹಂಗೇ ಉಳಿಯುತ್ತೆ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಈಗ ಕ್ರಿಸ್ಮಸ್ ರಾತ್ರಿ ಹುಳ ಆ ಹಂತದಲ್ಲಿ ಐತೆ. ಶಾಂತಮ್ಮ ಆರಾಧನೆಗೆ ಹೋಗ್ಬೇಕಾ ಸೊಪ್ಪು ಹಾಕ್ಬೇಕಾ? ಇಷ್ಟು ಗಟ್ಟಿ ವಿಷ್ಯ ಕೈಯಲ್ಲಿಟ್ಕೊಂಡು ಹೃದಯವು ದುಃಖದಿಂದ ತುಂಬಿತು ಅಂತ ಬರೆದು ಮುಂದಕ್ಕೆ ಹೋಗ್ಬಿಟ್ರೆ ಹೆಂಗಮ್ಮ.

ಇನ್ನೊಂದು, ಶಾಂತಮ್ಮ ಮಂಡಿಯೂರಿ ಪ್ರಾರ್ಥನೆ ಮಾಡ್ತಾಳೆ ಅಂದ್ರಿ. ಎಲ್ಲಿ? ಹುಳದ ಮನೆಯಲ್ಲಾ? ಅಲ್ಲಿ ಹುಳ ಸಾಕೋ ತಟ್ಟೆಗಳ ಮಧ್ಯೆ ಮಂಡಿಯೂರೋಕೆ ಜಾಗ ಎಲ್ಲೈತೆ? ಕೈಯಲ್ಲಿ ಏನಿತ್ತು? ಗಂಡ ಎಲ್ಲಿದ್ದ? ಅವಳು ಪ್ರಾರ್ಥನೆ ಮಾಡಿದ್ಲು ಅಂತ ನೀವು ಹೇಳ್ಬೇಡಿ, ಓದೋನಿಗೆ ತಾನಾಗೇ ಗೊತ್ತಾಗ್ಲಿ, ಗೊತ್ತಾಗ್ಲಿಲ್ಲ ಅಂದ್ರೂ ಕಥೆಗೆ ನಷ್ಟ ಇಲ್ಲ.

ಮೂರು ಕನ್ನಡ ಕಲಸಿಹೋಗುತ್ತೆ ಅಂತ ಬೇಜಾರ್ ಮಾಡ್ಕೊಬೇಡಿ. ನಮ್ಮ ಕೋಲಾರ ಚಿಕ್ಕಬಳ್ಳಾಪುರ ಪಾವಗಡ ಕಡೆ ಯಾರ ಮನೆಯಲ್ಲಿ ಒಂದೇ ಮಾತೈತೆ ಹೇಳಿ? ನಿರೂಪಣೆಗೆ ಒಂದು ಕನ್ನಡ ಆರಿಸ್ಕೊಳ್ಳಿ, ಸಂಭಾಷಣೆಯಲ್ಲಿ ಅವರವರ ಮಾತು ಬರ್ಲಿ. ಅಜ್ಜಿ ತೆಲುಗಲ್ಲೇ ಬೈಲಿ, ಅಯ್ಯನವರು ಸತ್ಯವೇದದ ಕನ್ನಡದಲ್ಲೇ ಮಾತಾಡ್ಲಿ, ಅದು ಅವರ ಬಾಯಲ್ಲಿ ಚೆಂದ. ನಿಮ್ಮ ನಿರೂಪಣೆಯ ಬಾಯಲ್ಲಿ ಬೇಡ. ಸಂಭಾಷಣೆ ಹೆಂಗಿರ್ಬೇಕು ಅಂತ ಕಲೀಬೇಕು ಅಂದ್ರೆ ನಾಟಕ ನೋಡಿ, ನಮ್ಮೂರು ಅಂತ ಹೇಳ್ತಿಲ್ಲ (ಹೇಳ್ತಾನೇ ಇದ್ದೀನಿ ಬಿಡಿ, ಗುಬ್ಬಿ ಅಂದ್ರೆ ವೀರಣ್ಣನವರು ತಾನೇ), ಸ್ಟೇಜ್ ಮೇಲೆ ಉದ್ದ ವಾಕ್ಯ ಹೇಳಿದ್ರೆ ಜನ ಎದ್ದೋಗ್ತಾರೆ ಅನ್ನೋ ಭಯ ನಾಟಕದೋರಿಗೆ ಇರುತ್ತೆ, ಕಥೆ ಬರೆಯೋರಿಗೂ ಇರ್ಬೇಕು.

ಹೊರಗಿನೋರು ಹಾಕ್ತಾರಾ ಅಂದ್ರಲ್ಲ. ಉತ್ತಂಗಿ ಚನ್ನಪ್ಪನವರು ಯಾರು ಗೊತ್ತಲ್ಲ, ಬಾಸೆಲ್ ಮಿಶನ್ನಿನ ಪಾದ್ರಿ. ಅವರು ಸರ್ವಜ್ಞನ ವಚನಗಳನ್ನ ಹುಡುಕಿ ಕಲೆಹಾಕಿ 1924ರಲ್ಲಿ ಪುಸ್ತಕ ಮಾಡಿದ್ರು, 1949ರಲ್ಲಿ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ್ರು. ಪಾದ್ರಿ ಅಂತ ಯಾರೂ ಪಕ್ಕಕ್ಕಿಡ್ಲಿಲ್ಲ. ಸಾಗರದ ನಾ. ಡಿಸೋಜ ಪಿಡಬ್ಲ್ಯೂಡಿಯಲ್ಲಿ ನೌಕರಿ ಮಾಡ್ಕೊಂಡೇ ಬರೆದವರು, ಶರಾವತಿ ಮುಳುಗಡೆ ಕಣ್ಣಾರೆ ಕಂಡವರು, ಅದನ್ನೇ ಬರೆದ್ರು. ಅವರ ಕಾದಂಬರಿ ಕಾಸರವಳ್ಳಿ ಕೈಯಲ್ಲಿ ದ್ವೀಪ ಸಿನಿಮಾ ಆಯ್ತು, 2014ರಲ್ಲಿ ಮಡಿಕೇರಿ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮುಳುಗಿದ ಊರಿನ ಕಥೆ ಬರೆಯೋವಾಗ ನಾನು ಕ್ರೈಸ್ತ ಅಂತ ಬೋರ್ಡು ಹಾಕ್ಕೊಂಡು ಕೂತಿರ್ಲಿಲ್ಲ ಅವರು. ನೀವೂ ಮೊದ್ಲು ಹುಳದ ಮನೆ ಬರೀರಿ.

ಡಿಟಿಪಿ ತುಮಕೂರು

ಮೇಷ್ಟ್ರು ಕಲೆ ಬಗ್ಗೆ ಹೇಳಿದ್ರು, ನಾನು ಕಾಸಿನ ಬಗ್ಗೆ ಹೇಳ್ತೀನಿ, ನನ್ನ ಹೊಟ್ಟೆಪಾಡೇ ಅದು. ತುಮಕೂರಲ್ಲಿ ಡಿಟಿಪಿ ಅಂಗಡಿ, ಸಭೆ ಸೌವೆನೀರು, ಲಗ್ನಪತ್ರಿಕೆ, ಕವನ ಸಂಕಲನ, ಎಲ್ಲ ನಮ್ಮ ಕೈ ಮೇಲೇ ಹೋಗೋದು.

ಮೇಡಂ, ಕಥೆ ಬರೆದು ಬದುಕೋದು ಕನ್ನಡದಲ್ಲಿ ಹಿಂದೂಗೂ ಆಗಲ್ಲ ಕ್ರೈಸ್ತರಿಗೂ ಆಗಲ್ಲ, ಇದು ಜಾತಿ ಮತದ ವಿಷ್ಯ ಅಲ್ಲ. ಗೌರವಧನ ಕೊಡೋ ಪತ್ರಿಕೆ ಇವೆ, ಆಕಾಶವಾಣಿ ಇದೆ, ಅದು ಬಂದಾಗ ಖುಷಿ, ಅದನ್ನ ನಂಬ್ಕೊಂಡು ಕೆಲಸ ಬಿಡ್ಬೇಡಿ. ಆದ್ರೆ ಬರೆಯೋ ಕೈಗೆ ಬೇರೆ ಕೆಲಸ ಇದೆ. ಪ್ರೂಫ್ ನೋಡೋದು, ಅನುವಾದ, ಬೇರೆಯವರ ಪುಸ್ತಕ ಎಡಿಟ್ ಮಾಡೋದು, ವಿಡಿಯೋಗಳಿಗೆ ಕನ್ನಡ ಸ್ಕ್ರಿಪ್ಟು. ನೀವು ಕನ್ನಡ ಟೀಚರ್, ಅಲ್ಪಪ್ರಾಣ ಮಹಾಪ್ರಾಣ ಸರಿಯಾಗಿ ಬರೆಯೋರು ಸಿಗೋದೇ ಕಷ್ಟ ಆಗಿದೆ ಈಗ, ಸುಮ್ನೆ ಹೇಳ್ತಿಲ್ಲ. ಬೆಂಗಳೂರಲ್ಲಿ ಕ್ರೈಸ್ತ ಸಂಸ್ಥೆಗಳು ಎಷ್ಟೊಂದಿವೆ, ಇಂಗ್ಲಿಷಲ್ಲಿ ಬರೋ ಪಾಠ, ಕರಪತ್ರ, ವರದಿ ಎಲ್ಲಾನೂ ಕನ್ನಡಕ್ಕೆ ಮಾಡಿಸ್ತಾರೆ. ಮಾಡೋಕೆ ಮುಂಚೆ ಪದಕ್ಕೆ ಎಷ್ಟು, ಯಾವಾಗ ಕೊಡ್ತೀರಿ ಅಂತ ಮೇಲ್‌ನಲ್ಲಿ ಬರೆಸ್ಕೊಳ್ಳಿ. "ದೇವರ ಸೇವೆ ಅಲ್ವಾ ಸಿಸ್ಟರ್" ಅನ್ನೋ ಮಾತು ದುಡ್ಡಿನ ವಿಷ್ಯ ಬಂದಾಗ ಮಾತ್ರ ಬರುತ್ತೆ, ಪ್ರೆಸ್ಸಿನೋನಿಗೆ ಪೇಪರಿನೋನಿಗೆ ಆ ಮಾತು ಯಾರೂ ಹೇಳಲ್ಲ. ಸೇವೆಗೆ ಮಾಡೋದಾದ್ರೆ ಸೇವೆ ಅಂತ ಮಾಡಿ, ದುಡ್ಡಿಗೆ ಅಂದ್ರೆ ದುಡ್ಡಿಗೆ, ಎರಡನ್ನೂ ಕಲಸಿದ್ರೆ ಮನಸ್ತಾಪ.

ಹಕ್ಕಿನ ವಿಷ್ಯ ಯಾರೂ ಹೇಳಿಕೊಡಲ್ಲ ಅದಕ್ಕೇ ಬರೀತೀನಿ. ನೀವು ಬರೆದದ್ದರ ಹಕ್ಕು ನಿಮ್ದೇ, ಬದುಕಿರೋವರೆಗೂ ಆಮೇಲೆ ಇನ್ನೂ 60 ವರ್ಷ. ಪ್ರಕಾಶಕರಿಗೆ ಹಕ್ಕು ವರ್ಗ ಮಾಡ್ಬೇಕಂದ್ರೆ ಬರವಣಿಗೆಯಲ್ಲಿ, ಸಹಿ ಇರಲೇಬೇಕು, ಬಾಯಿಮಾತಲ್ಲಿ ಆಗಲ್ಲ. ಎಷ್ಟು ವರ್ಷಕ್ಕೆ ಅಂತ ಪತ್ರದಲ್ಲಿ ಬರೆದಿಲ್ಲ ಅಂದ್ರೆ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅದು 5 ವರ್ಷಕ್ಕೆ ಅಂತ ಲೆಕ್ಕ. ನನ್ನ ಕಣ್ಣೆದುರಿಗೇ ಒಬ್ರು ಹಿರಿಯರು ತಮ್ಮ ಭಕ್ತಿಗೀತೆಗಳನ್ನೆಲ್ಲ ಒಂದು ಕ್ಯಾಸೆಟ್ ಕಂಪನಿಗೆ "ಶಾಶ್ವತವಾಗಿ" ಅಂತ ಬರೆದುಕೊಟ್ಟು ಆಮೇಲೆ ತಮ್ಮ ಹಾಡು ತಾವೇ ಯೂಟ್ಯೂಬಿಗೆ ಹಾಕೋಕಾಗದೆ ಒದ್ದಾಡಿದ್ರು. ಓದಿ ಸಹಿ ಹಾಕಿ, ಗೊತ್ತಾಗ್ಲಿಲ್ಲ ಅಂದ್ರೆ ವಕೀಲರಿಗೆ ತೋರ್ಸಿ.

ಹಂಗೇ ಇನ್ನೊಂದು, ಸತ್ಯವೇದದ ವಚನ ತಮ್ಮ ಪುಸ್ತಕದಲ್ಲಿ ಉದ್ದುದ್ದ ಹಾಕೋರು ಆ ಸತ್ಯವೇದದ ಮೊದಲ ಪುಟಗಳನ್ನ ತೆಗೆದು ನೋಡಿ, ಹೊಸ ಅನುವಾದಗಳಿಗೆ ಹಕ್ಕು ಇರುತ್ತೆ, ಎಷ್ಟು ವಚನದವರೆಗೆ ಬಳಸ್ಬಹುದು ಅಂತ ಅಲ್ಲೇ ಬರೆದಿರುತ್ತೆ, ಇಲ್ಲ ಅಂದ್ರೆ ಒಂದು ಪತ್ರ ಬರೆದು ಕೇಳಿ.

ಪುಸ್ತಕ ಮಾಡೋಕೆ ಆತುರ ಬೇಡ. ನಮ್ಮ ಅಂಗಡಿಗೆ ಬರೋರೆಲ್ಲ ಮೊದಲನೇ ಪುಸ್ತಕನೇ ಹಾರ್ಡ್‌ಬೌಂಡು, ಮುಖಪುಟಕ್ಕೆ ಬಂಗಾರದ ಅಕ್ಷರ, ಬಿಷಪ್ಪರ ಮುನ್ನುಡಿ, ಎಂಎಲ್‌ಎ ಶುಭಾಶಯ, ಒಳಗೆ ನೋಡಿದ್ರೆ ಪುಟಕ್ಕೆ ಹತ್ತು ಕಾಗುಣಿತ ತಪ್ಪು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನದ ಯೋಜನೆ ಇದೆ, ಹಸ್ತಪ್ರತಿ ಕಳಿಸ್ಬೇಕು, ವಯಸ್ಸಿನ ಮಿತಿ ಇರುತ್ತೆ, ಪ್ರಕಟಣೆ ಬಂದಾಗ ನೋಡ್ಕೊಳ್ಳಿ. ಪುಸ್ತಕದ ಗುರುತಿಗೆ ಹಾಕೋ ಐಎಸ್‌ಬಿಎನ್ ನಂಬರು ನಮ್ಮ ದೇಶದಲ್ಲಿ ಫ್ರೀ, ರಾಜಾ ರಾಮಮೋಹನ್ ರಾಯ್ ಏಜೆನ್ಸಿಯಿಂದ ಆನ್‌ಲೈನಲ್ಲೇ ತಗೋಬಹುದು, ಅದಕ್ಕೆ ಸಾವಿರಾರು ರೂಪಾಯಿ ಕೇಳೋರು ಇದ್ರೆ ಅಲ್ಲಿಂದ ಎದ್ದು ಬನ್ನಿ.

ಕೋಲಾರ ಬ್ರದರ್

ಪ್ರೈಸ್ ದ ಲಾರ್ಡ್ ಸಿಸ್ಟರ್. ಮೇಷ್ಟ್ರು ಬರೆದದ್ದು ಚೆನ್ನಾಗೇ ಐತೆ ಆದ್ರೆ ನಂಗೆ ಒಂದು ವಿಷ್ಯದಲ್ಲಿ ಒಪ್ಗೆ ಇಲ್ಲ, ಎಲ್ಲರೂ ಹೊರಗಿನ ಪತ್ರಿಕೆ ಹೊರಗಿನ ಪತ್ರಿಕೆ ಅಂತ ಓಡಿದ್ರೆ ನಮ್ಮ ಸಭೆಗಳಲ್ಲಿ ಓದೋಕೆ ಏನ್ ಉಳಿಯುತ್ತೆ? ನಾನು ಸಂಡೇಸ್ಕೂಲ್ ಟೀಚರ್, ನಮ್ಮ ಮಕ್ಕಳ ಕೈಗೆ ಬರೋ ಪಾಠ ನೋಡಿದ್ರೆ ಅಳು ಬರುತ್ತೆ, ಯಾವ್ದೋ ದೇಶದ ಮಗು ಹಿಮದಲ್ಲಿ ಆಡ್ತಾ ಇರುತ್ತೆ, ಅಂಕಲ್ ಟಾಮ್ ಆಪಲ್ ಕೊಡ್ತಾನೆ, ಅದನ್ನ ಯಾರೋ ವಾಕ್ಯ ವಾಕ್ಯ ಕನ್ನಡಕ್ಕೆ ಎಳೆದು ತಂದಿರ್ತಾರೆ. ನಮ್ಮ ಮಕ್ಕಳು ಟೊಮೇಟೊ ಬಾಕ್ಸ್ ಮೇಲೆ ಕೂತು ಹೋಮ್‌ವರ್ಕ್ ಮಾಡೋರು, ಎಪಿಎಂಸಿಯಲ್ಲಿ ರೇಟ್ ಬಿದ್ರೆ ಮನೇಲಿ ಏನಾಗುತ್ತೆ ಅಂತ ಗೊತ್ತಿರೋರು, ಒಳ್ಳೆ ಸಮಾರ್ಯದವನ ಸಾಮತಿನ, ಅಂದ್ರೆ ದಾರೀಲಿ ಬಿದ್ದಿದ್ದವನನ್ನ ಕಾಪಾಡಿದವನ ಬಗ್ಗೆ ಯೇಸು ಹೇಳಿದ ಕಥೆನ, ಆ ಮಕ್ಕಳಿಗೆ ಹೇಳೋವಾಗ ಆ ದಾರಿ ಬಂಗಾರಪೇಟೆ ರೋಡ್ ಆಗ್ಬಾರ್ದಾ? ಇದನ್ನ ಬರೆಯೋರೇ ಇಲ್ಲ.

ಹಾಡುಗಳದ್ದು ಇನ್ನೂ ಮೋಸ. ನಮ್ಮ ಕಡೆ ಹಾಡೋದರಲ್ಲಿ ಅರ್ಧಕ್ಕರ್ಧ ತೆಲುಗಿಂದ ತಮಿಳಿಂದ ಬಂದಿರೋದು, ರಾಗ ಸೂಪರ್ರು, ಕನ್ನಡ ಪದಗಳನ್ನ ಮಾತ್ರ ಮೂಟೆಗೆ ತುರುಕಿದಂಗೆ ತುರುಕಿರ್ತಾರೆ. ಹ್ರಸ್ವ ಬರೋ ಕಡೆ ದೀರ್ಘ ಎಳೀಬೇಕು, ವಾಕ್ಯದ ಮಧ್ಯದಲ್ಲಿ ಉಸಿರು ತಗೋಬೇಕು, ಅರ್ಥ ಹರಿದು ಹೋಗುತ್ತೆ. ಕಿಟೆಲ್ ಅವರನ್ನ ನೋಡಿ ಸಿಸ್ಟರ್. ಎಲ್ರೂ ಅವರ 1894ರ ನಿಘಂಟು ಒಂದೇ ಹೇಳ್ತಾರೆ, ಅದಕ್ಕೂ ಮುಂಚೆ 1862ರಲ್ಲೇ ಯೇಸುವಿನ ಚರಿತ್ರೆನ ಕಥಾಮಾಲೆ ಅಂತ ಇಲ್ಲಿನ ಛಂದಸ್ಸಲ್ಲಿ ಪದ್ಯವಾಗಿ ಬರೆದಿದ್ರು. ಜರ್ಮನಿಯಿಂದ ಬಂದೋರು ನಮ್ಮ ಮಾತ್ರೆ ಗಣ ಕಲಿತು ಬರೆದ್ರು, ಕನ್ನಡದಲ್ಲೇ ಹುಟ್ಟಿದ ನಾವು ಮಾತ್ರೆ ಎಣಿಸೋಕೆ ಸೋಮಾರಿತನ ಮಾಡ್ತೀವಿ.

ನೀವು ಕನ್ನಡ ಟೀಚರ್, ಛಂದಸ್ಸು ಪಾಠ ಮಾಡ್ತೀರಲ್ಲ, ಅದನ್ನ ಇಲ್ಲಿ ಹಾಕಿ. ಒಂದು ಹಾಡು ತಗೊಂಡು ಕೈಯಲ್ಲಿ ತಾಳ ಹಾಕ್ತಾ ಮೂರು ಮೂರು ನಾಲ್ಕು ನಾಲ್ಕು ಅಂತ ಬಿಡಿಸಿ ನೋಡಿ, ಎಲ್ಲಿ ಮುಗ್ಗರಿಸುತ್ತೆ ಅಂತ ತಕ್ಷಣ ಗೊತ್ತಾಗುತ್ತೆ. ಯೂತ್‌ನವರಿಗೆ ಹಾಡಿಸಿ ನೋಡಿ, ಅವರು ಎಲ್ಲಿ ತಪ್ಪಾಗಿ ಹಾಡ್ತಾರೋ ಅಲ್ಲಿ ಪದ ತಪ್ಪಾಗಿದೆ ಅಂತ ಅರ್ಥ, ಹಾಡೋರು ತಪ್ಪಲ್ಲ. ಹೊರಗಿನ ಪತ್ರಿಕೆಯ ಸಂಪಾದಕರು ಉತ್ತರ ಕೊಡ್ದೇ ಇರ್ಬಹುದು, ಸಂಡೇಸ್ಕೂಲ್ ಮಕ್ಕಳು ಬೋರಾದ್ರೆ ಆ ನಿಮಿಷನೇ ಚಪ್ಪಲಿ ಕಳ್ಳತನ ಶುರು ಮಾಡ್ತಾರೆ, ಅದಕ್ಕಿಂತ ಒಳ್ಳೆ ವಿಮರ್ಶಕರು ಬೇಕಾ?

ಮಾಲೂರು ಓದುಗ

ನಾನು ಕ್ರೈಸ್ತ ಅಲ್ಲ, ಬರಹಗಾರನೂ ಅಲ್ಲ, ಬರೀ ಓದೋನು. ಮಾಸ್ತಿಯವರ ತಾಲ್ಲೂಕು ನಮ್ದು, ಅಷ್ಟು ಅಹಂಕಾರ ಇದೆ. ಕೇಳಿದ ಪ್ರಶ್ನೆ ಒಂದಕ್ಕೆ ಈ ಕಡೆಯಿಂದ ಉತ್ತರ ಕೊಡೋರು ಬೇಕು ಅನ್ಸಿ ಬರೀತಿದ್ದೀನಿ.

ನಿಮ್ಮ ಜನರ ಕಥೆ ನಮಗೆ ಬೇಕು. ನಮ್ಮ ಬೀದಿಯಲ್ಲೇ ಕ್ರೈಸ್ತರ ಮನೆಗಳಿವೆ, ಕ್ರಿಸ್ಮಸ್ಸಿಗೆ ರೋಸ್‌ಕುಕೀಸು ಕಜ್ಜಾಯ ಬರುತ್ತೆ, ನಾವು ಹಬ್ಬಕ್ಕೆ ಒಬ್ಬಟ್ಟು ಕೊಡ್ತೀವಿ, ಅದಕ್ಕಿಂತ ಒಳಗೆ ಏನು ನಡೆಯುತ್ತೆ ಅಂತ ನಂಗೆ ಗೊತ್ತಿಲ್ಲ. ಸಭೆ ಎಲೆಕ್ಷನ್ನಲ್ಲಿ ಅಣ್ಣತಮ್ಮಂದಿರು ಮಾತು ಬಿಡ್ತಾರಂತೆ, ಕೆಜಿಎಫ್ ತಮಿಳು ಆರಾಧನೆಗೂ ಕನ್ನಡ ಆರಾಧನೆಗೂ ಟೈಮಿಂಗ್ ಜಗಳ ಇರುತ್ತಂತೆ, ಇಂಥದ್ದು ಕನ್ನಡ ಕಥೆಗಳಲ್ಲಿ ನಾನು ಓದೇ ಇಲ್ಲ ಅನ್ನುವಷ್ಟು ಕಮ್ಮಿ. ಗೋವಿಂದ ಪೈಗಳು ಕ್ರೈಸ್ತರಲ್ಲ, ಆದ್ರೂ ಯೇಸುವಿನ ಕೊನೆಯ ದಿನದ ಮೇಲೆ ಗೊಲ್ಗೊಥಾ ಬರೆದ್ರು, ಕನ್ನಡದವರು ಓದಿದ್ರು. ವಸ್ತು ಯಾವತ್ತೂ ಅಡ್ಡಿ ಆಗಿಲ್ಲ.

ನಂಗೆ ಅಡ್ಡಿ ಆಗೋದು ಎರಡು. ಕೊನೆಗೆ ಎಲ್ರೂ ಒಳ್ಳೆಯವರಾಗಿ ಕುಡುಕ ಕುಡಿತ ಬಿಟ್ಟು ಕಾಯಿಲೆ ವಾಸಿ ಆಗಿ ಮುಗಿಯೋ ಕಥೆ, ಅದನ್ನ ನೋಡಿದ ತಕ್ಷಣ ಇದು ನನಗೆ ಏನೋ ಮಾರೋಕೆ ಬಂದಿದೆ ಅನ್ಸುತ್ತೆ. ನಮ್ಮ ಕಡೆಯ ಭಕ್ತಿ ಕಥೆಗಳಲ್ಲೂ ಇದೇ ರೋಗ ಇದೆ, ನಿಮ್ಮೊಬ್ರದ್ದಲ್ಲ. ಎರಡನೇದು, ನಮಗೆ ಅರ್ಥ ಆಗಲ್ಲ ಅಂತ ಎಲ್ಲಾನೂ ಬಿಡಿಸಿ ಬಿಡಿಸಿ ಹೇಳೋದು. ಪ್ರಭು ಭೋಜನ ಅಂದ್ರೆ ಏನು ಅಂತ ಅರ್ಧ ಪುಟ ವಿವರಣೆ ಬೇಡ, ಮುದುಕಿಯೊಬ್ಳು ಕೈ ಚಾಚಿ ರೊಟ್ಟಿ ತುಂಡು ತಗೊಳ್ಳೋದು ತೋರ್ಸಿ, ಅರ್ಥ ಆಗುತ್ತೆ. ಮೇಷ್ಟ್ರು ಹೇಳಿದ ಹುಳದ ಮನೆ ಕಥೆ ಬಂದ್ರೆ ನಾನು ದುಡ್ಡು ಕೊಟ್ಟು ಓದ್ತೀನಿ.

ರೇಷ್ಮೆಗೂಡು (ಶಿಡ್ಲಘಟ್ಟ)

ಎಲ್ರಿಗೂ ಥ್ಯಾಂಕ್ಸ್, ಇಷ್ಟೊಂದು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಕೋಲಾರದ ಅಣ್ಣ, ನೀವು ಹೇಳಿದ್ದು ನಿಜ, ಈ ಸಲ ವಿಬಿಎಸ್‌ಗೆ (ರಜೆಯಲ್ಲಿ ನಡೆಸೋ ಬೈಬಲ್ ಶಾಲೆಗೆ) ಮಕ್ಕಳ ಪಾಠ ನಾನೇ ಬರೀತೀನಿ ಅಂತ ಅಯ್ಯನವರಿಗೆ ಹೇಳ್ಬಿಟ್ಟೆ, ಆದ್ರೆ ಹೊರಗೆ ಕಳಿಸೋದೂ ಬಿಡಲ್ಲ. ಎರಡೂ ಯಾಕಾಗ್ಬಾರ್ದು?

ಮೇಷ್ಟ್ರೇ, ತಿದ್ದಿದ ಪ್ಯಾರಾ ಹಾಕ್ತಿದ್ದೀನಿ.

"ಸೊಪ್ಪು ಸಂಜೆಗೇ ಮುಗಿದಿತ್ತು. ಶಾಂತಮ್ಮನ ಗಂಡ ಪಕ್ಕದ ತೋಟದಿಂದ ಸಾಲದ ಮೇಲೆ ಎರಡು ಹೊರೆ ತಂದು ಹಾಕಿ, ಮೊಬೈಲು ಹಿಡಿದು ಜಗಲಿ ಮೇಲೆ ಕೂತಿದ್ದ. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ದೇವಾಲಯಕ್ಕೆ ಹೋಗಿಯಾಗಿತ್ತು. ಸ್ಪೀಕರಿನಲ್ಲಿ ಅಯ್ಯನವರ ದನಿ ಹುಳದ ಮನೆಯ ತನಕ ಬರುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ತಟ್ಟೆಗಳಲ್ಲಿ ಹುಳ ಮಳೆ ಹುಯ್ದ ಹಾಗೆ ಸೊಪ್ಪು ಮೇಯುತ್ತಿತ್ತು. ಒಂದು ತಟ್ಟೆಯಲ್ಲಿ ಹಾಲುತೊಂಡೆ ರೋಗ ಬಂದ ನಾಲ್ಕೈದು ಹುಳ ಅಂಚಿಗೆ ಬಂದು ತೂಗಾಡುತ್ತಿದ್ದವು. ಅವನ್ನು ಆರಿಸಿ ಸುಣ್ಣದ ಡಬ್ಬಿಗೆ ಹಾಕಿದಳು. ಹಾಡು ಶುರುವಾದಾಗ ಎರಡೂ ಕೈ ತುಂಬ ಸೊಪ್ಪಿತ್ತು. ಅವಳು ಅಲ್ಲೇ ನಿಂತು ತೆಲುಗಿನಲ್ಲಿ ಜೊತೆಗೆ ಹಾಡಿದಳು. ದೇವರು ಎಲ್ಲವನ್ನೂ ನೋಡುತ್ತಾನೆ ಎಂದು ಅವಳ ಮನಸ್ಸಿಗೆ ಸಮಾಧಾನವಾಯಿತು."

ಇನ್ನೊಂದು ಪ್ರಶ್ನೆ ಡಿಟಿಪಿ ಅಣ್ಣನಿಗೆ, ಪತ್ರಿಕೆಗಳಿಗೆ ನಾನು ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಕಳಿಸಿದ್ದೆ, ಅವರ ಕಡೆ ಓಪನ್ನೇ ಆಗಿಲ್ವೇನೋ ಅಂತ ಈಗ ಡೌಟು ಬರ್ತಿದೆ.

ಗುಬ್ಬಿ ಮೇಷ್ಟ್ರು

ಈಗ ಕಥೆ ಆಯ್ತು ನೋಡಿ. ಹಾಲುತೊಂಡೆ ಹುಳ ಅಂಚಿಗೆ ಬರುತ್ತೆ ಅನ್ನೋದು ಸಾಕಿದೋರಿಗೆ ಮಾತ್ರ ಗೊತ್ತು, ಆ ಒಂದು ವಾಕ್ಯಕ್ಕೆ ಓದೋನು ನಿಮ್ಮನ್ನ ನಂಬ್ತಾನೆ. ತೆಲುಗಲ್ಲಿ ಜೊತೆಗೆ ಹಾಡಿದ್ದು ಇನ್ನೂ ಚೆನ್ನಾಗೈತೆ, ಅಲ್ಲಿ ಸ್ಪೀಕರಿನಲ್ಲಿ ಕನ್ನಡ ಇಲ್ಲಿ ತೆಲುಗು, ನೀವು ಏನೂ ಹೇಳ್ದೇನೇ ಆ ಊರು ಬಂತು.

ಮೂರು ತಕರಾರು. ಮಳೆ ಹುಯ್ದ ಹಾಗೆ ಅನ್ನೋದು ತೆಗೀರಿ, ಹುಳದ ಬಗ್ಗೆ ಬರೆದೋರೆಲ್ಲ ಅದನ್ನೇ ಬರೆದವ್ರೆ. ತಟ್ಟೆ ಅಂದ್ರೆ ಹಳೇ ಕಾಲ, ಈಗ ಎಲ್ಲ ರ್‍ಯಾಕು, ಕಡ್ಡಿ ಸಮೇತ ಸೊಪ್ಪು ಹಾಕ್ತಾರೆ, ಗಂಡ ಮೊಬೈಲು ಹಿಡ್ಕೊಂಡವ್ನೆ ಅಂದ್ರೆ ಈ ಕಾಲ. ಈಗಲೂ ತಟ್ಟೆ ಇಟ್ಕೊಂಡಿರೋ ಬಡವರ ಮನೆ ಅಂದ್ರೆ ಅದನ್ನ ಒಂದು ಮಾತಲ್ಲಿ ಹೇಳಿ, ಇಲ್ಲ ಮೊಬೈಲು ಕಿತ್ಕೊಂಡು ಬೀಡಿ ಕೊಡಿ. ಮೂರನೇದು ಕೊನೇ ವಾಕ್ಯ. ಸಮಾಧಾನ ಆಯ್ತು ಅಂತ ಯಾರ್ ಹೇಳಿದ್ದು? ಸಾಲದ ಸೊಪ್ಪು, ರೋಗದ ಹುಳ, ಜಗಲಿ ಮೇಲೆ ಗಂಡ, ಇಷ್ಟೆಲ್ಲ ಇಟ್ಕೊಂಡು ಅವಳಿಗೆ ಅಷ್ಟು ಬೇಗ ಸಮಾಧಾನ ಆದ್ರೆ ಮುಂದೆ ಕಥೆ ಯಾಕೆ? ಹೊಡೆದು ಹಾಕಿ. ನಿಮ್ಮ ವಿಶ್ವಾಸಕ್ಕೇನೂ ಕಮ್ಮಿ ಆಗಲ್ಲ, ಸತ್ಯವೇದದ ಯೋಬನ ಪುಸ್ತಕದಲ್ಲಿ ಕಷ್ಟ ಬಂದಾಗ ಅವನು ಎಷ್ಟು ಅಧ್ಯಾಯ ಕೂಗಾಡ್ತಾನೆ ನೀವೇ ನೋಡಿ, ಸತ್ಯವೇದದೋರೇ ಅದನ್ನ ಎಡಿಟ್ ಮಾಡಿ ತೆಗ್ದಿಲ್ಲ.

ಅಂದಂಗೆ ಕೋಲಾರದ ತಮ್ಮನಿಗೆ ಒಂದು ಮಾತು. ಸಭೆಗೆ ಬರೀಬೇಡಿ ಅಂತ ನಾನು ಹೇಳ್ಲಿಲ್ಲ ಕಣಪ್ಪ. ಆದ್ರೆ ಒಳಗೆ ಹೊರಗೆ ಅನ್ನೋ ಗೋಡೆ ಮೊದ್ಲಿಂದ ಇದ್ದಿದ್ದೇ ಅಲ್ಲ. 1843ರಲ್ಲಿ ಮೋಗ್ಲಿಂಗ್ ಪಾದ್ರಿ ಮಂಗಳೂರು ಸಮಾಚಾರ ಶುರು ಮಾಡಿದಾಗ ಅದರಲ್ಲಿ ಊರಿನ ಸುದ್ದಿ, ಸರ್ಕಾರದ ಸುದ್ದಿ, ಹೊರದೇಶದ ಸುದ್ದಿ ಎಲ್ಲ ಹಾಕಿದ್ರು, ಕನ್ನಡದ ಮೊದಲ ಪತ್ರಿಕೆ ಆಗಿದ್ದೇ ಹಂಗೆ. ಸಂಡೇಸ್ಕೂಲಿಗೆ ನೀನು ಕೇಳಿದ ಬಂಗಾರಪೇಟೆ ರೋಡಿನ ಸಮಾರ್ಯದವನು ಬಂದ್ರೆ ಅದನ್ನ ಮಕ್ಕಳ ಪತ್ರಿಕೆಗೂ ಕಳಿಸ್ಬಹುದು, ಎರಡಕ್ಕೂ ಬೇಕಾಗೋದು ಅದೇ ಕಣ್ಣು.

ಕೋಲಾರ ಬ್ರದರ್

ಮೇಷ್ಟ್ರೇ ಅದು ಒಪ್ದೆ. ಆದ್ರೆ ಕೊನೇ ವಾಕ್ಯ ಪೂರ್ತಿ ತೆಗೆಯೋದು ಬೇಡ ಅಂತ ನನ್ನ ಅಭಿಪ್ರಾಯ, ಅವಳು ವಿಶ್ವಾಸಿ, ಅವಳಿಗೆ ಹಂಗೆ ಅನ್ಸೋದು ಸಹಜ, ಅದನ್ನ ಮುಚ್ಚಿಡೋದೂ ಒಂಥರಾ ಸುಳ್ಳೇ ಅಲ್ವಾ. ಕಥೆಯ ಕೊನೆಗೆ ಬರ್ಲಿ ಬೇಕಾದ್ರೆ. ಸಿಸ್ಟರ್ ನೀವೇ ಡಿಸೈಡ್ ಮಾಡಿ.

ಡಿಟಿಪಿ ತುಮಕೂರು

ಮೇಡಂ, ನುಡಿಯಲ್ಲಿ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರೆ, ಅಂದ್ರೆ ನುಡಿ 01 ಇ ಅಂತೆಲ್ಲ ಇರುತ್ತಲ್ಲ ಅದು, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಆಗಿ ಕಾಣುತ್ತೆ. ಯೂನಿಕೋಡಿಗೆ ಬದಲಾಯಿಸಿ ಕಳಿಸಿ, ನುಡಿ ಸಾಫ್ಟ್‌ವೇರಲ್ಲೇ ಕನ್ವರ್ಟರ್ ಇದೆ. ಬದಲಾಯಿಸಿದ ಮೇಲೆ ಒಂದ್ಸಲ ಪೂರ್ತಿ ಓದಿ, ಅರ್ಕಾವತ್ತು ಇರೋ ಪದಗಳು, ಮೂರಕ್ಷರದ ಒತ್ತು ಇರೋ ಪದಗಳು ಹೆಚ್ಚಾಗಿ ಕೆಡೋದು. ಕಥಾಸ್ಪರ್ಧೆಗೆ ಕಳಿಸೋದಾದ್ರೆ, ಪ್ರಜಾವಾಣಿ ದೀಪಾವಳಿ ಸ್ಪರ್ಧೆ ಥರದ್ದು, ನಿಯಮ ಓದ್ಕೊಳ್ಳಿ, ಎಷ್ಟು ಪದ ಅಂತ ಇರುತ್ತೆ, ಕಥೆ ಇರೋ ಹಾಳೆ ಮೇಲೆ ಹೆಸರು ಬರೀಬಾರ್ದು ಅಂತ ಇರುತ್ತೆ, ಎಲ್ಲೂ ಪ್ರಕಟ ಆಗಿರಬಾರ್ದು ಅಂತಾನೂ ಇರುತ್ತೆ, ಸಭೆ ಪತ್ರಿಕೆನೂ ಫೇಸ್‌ಬುಕ್ಕೂ ಪ್ರಕಟಣೆನೇ.

ಅದಕ್ಕೇ ಈ ಶಾಂತಮ್ಮನ ಕಥೆ ಇನ್ನು ಮುಂದೆ ಇಲ್ಲಿ ಪೂರ್ತಿ ಹಾಕ್ಬೇಡಿ, ಮೇಷ್ಟ್ರಿಗೆ ತೋರಿಸ್ಬೇಕಂದ್ರೆ ಬೇರೆಯಾಗಿ ಕಳಿಸಿ. ವರ್ಡ್ ಫೈಲು ಕಳಿಸಿ, ಪಿಡಿಎಫ್ ಬೇಡ, ಫೋಟೋ ತೆಗೆದು ವಾಟ್ಸಾಪ್ ಅಂತೂ ಬೇಡವೇ ಬೇಡ. ಫೈಲಿಗೆ ಹೆಸರು "ಕಥೆ ಫೈನಲ್ ಫೈನಲ್ 2" ಅಂತ ಇಡ್ಬೇಡಿ, ಕಥೆ ಹೆಸರು ನಿಮ್ಮ ಹೆಸರು ಸಾಕು, ಸ್ಪರ್ಧೆಗಾದ್ರೆ ಬರೀ ಕಥೆ ಹೆಸರು.